ಪಹಣಿ ನಿಮ್ಮದು, ಪಾತಾಳ ಯಾರದು?

(ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಇಸವಿ, ಅಂಕಿಗಳನ್ನು ಈಗ ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ತೋಟದಡಿ ತೈಲ ಇಲ್ಲ. ಕೆಸರು, ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ ತೈಲ ಸಿಗುತ್ತದೆ. ಗುಜರಾತ್, ಅಸ್ಸಾಂ, ಕಾವೇರಿ ಮತ್ತು ಗೋದಾವರಿಯ ಬಯಲು, ರಾಜಸ್ಥಾನದ ಬಾಡಮೇರ್, ಇಲ್ಲೆಲ್ಲ ಅಂಥ ಕಲ್ಲಿದೆ. ನಮ್ಮ ಘಟ್ಟದ ಕಲ್ಲೇ ಬೇರೆ. 250 ಕೋಟಿ ವರ್ಷಕ್ಕಿಂತ ಹಳೆಯದು. ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಎಷ್ಟೋ ಸಲ ರೂಪ ಬದಲಿಸಿದ್ದು. ಹಾಗಾಗಿ ಇವತ್ತು ಇಲ್ಲಿಂದ ಯಾರೂ ಶೇಖ್ ಆಗಿ ಮನೆಗೆ ಹೋಗುವುದಿಲ್ಲ.

ಆದರೂ ನೆಲದಡಿಯ ತೈಲ, ಖನಿಜ ಯಾರದು ಅನ್ನುವ ಈ ವಿಷಯ ಆರಿಸಿಕೊಂಡೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಯ ಮಕ್ಕಳು ಈಗ ಹ್ಯೂಸ್ಟನ್, ಡಲ್ಲಾಸ್ ಕಡೆ ಮನೆ ಮಾಡಿದ್ದಾರೆ. ಪರಿಚಯದ ಹಿರಿಯರೊಬ್ಬರು ಮಗನ ಖರೀದಿ ಪತ್ರವನ್ನು ಫೋನಿನಲ್ಲಿ ತೋರಿಸಿದರು. ಅದರಲ್ಲಿ ಖನಿಜದ ಹಕ್ಕನ್ನು ಮಾರಿದವರೇ ಇಟ್ಟುಕೊಂಡಿದ್ದಾರೆ ಅಂತ ಒಂದು ಸಾಲು ಇತ್ತು. "ತಮಾ, ಮನೆ ಮಾರಿ ಮಣ್ಣು ಇಟ್ಕೊಂಡ್ರಾ? ಇದೇನು ಮೋಸವಾ?" ಅಂತ ಕೇಳಿದರು. ಮೋಸ ಅಲ್ಲ. ಅಲ್ಲಿ ಅದು ದಿನನಿತ್ಯದ ವ್ಯವಹಾರ. ಹೊಸ ಬಡಾವಣೆ ಮಾಡುವ ಬಿಲ್ಡರ್‌ಗಳು ಮನೆ ಮಾರಿ ಕೆಳಗಿನ ಹಕ್ಕು ತಾವೇ ಇಟ್ಟುಕೊಳ್ಳುವುದು ಟೆಕ್ಸಾಸ್‌ನಲ್ಲಿ ಸಾಮಾನ್ಯ.

ಅವರಿಗೆ ಉತ್ತರ ಹೇಳುತ್ತಾ ಹೇಳುತ್ತಾ ನನಗೆ ಹೊಳೆದದ್ದು ಬೇರೆಯೇ. ಕೆಳಗಿನ ಹಕ್ಕಿಲ್ಲದ ಆ ಅಮೆರಿಕದ ಮನೆಯವನ ಸ್ಥಿತಿ ಏನೋ, ಇಲ್ಲಿ ಪಹಣಿ ಹಿಡಿದುಕೊಂಡು ಕೂತ ನಮ್ಮೆಲ್ಲರ ಸ್ಥಿತಿಯೂ ಅದೇ. ನಮಗೆ ಅದು ಗೊತ್ತಿಲ್ಲ, ಅಷ್ಟೇ. ತೈಲ ಸಿಕ್ಕಿ ಕೋಟ್ಯಧಿಪತಿ ಆದವನ ಕಥೆ ಕೇಳಲು ಚಂದ, ಆದರೆ ನಮಗೆ ಉಪಯೋಗ ಇಲ್ಲ. ತೈಲದಲ್ಲಿ ಪಾಲೇ ಇಲ್ಲದೆ, ಹೊಲದ ನಡುವೆ ಯಂತ್ರ ಬಂದು ಕೂತಾಗ ಏನು ಮಾಡಿದ ಅನ್ನುವವನ ಕಥೆ ನಮಗೆ ಬೇಕು.

ಅಮೆರಿಕದಿಂದಲೇ ಶುರು ಮಾಡೋಣ.

ಟೆಕ್ಸಾಸ್ ಮೊದಲು ಸ್ಪೇನ್ ಕೈಯಲ್ಲಿತ್ತು, ಆಮೇಲೆ ಮೆಕ್ಸಿಕೊ ಕೈಗೆ ಬಂತು. ಸ್ಪೇನಿನ ಕಾನೂನಿನಲ್ಲಿ ಖನಿಜ ರಾಜನದ್ದು. ಅಮೆರಿಕಕ್ಕೆ ಸೇರಿದ ಮೇಲೆ, 1866ರ ತಮ್ಮ ರಾಜ್ಯ ಸಂವಿಧಾನದಲ್ಲಿ ಅವರು ಆ ಹಕ್ಕನ್ನು ಜಮೀನಿನ ಮಾಲೀಕರಿಗೆ ಬಿಟ್ಟುಕೊಟ್ಟರು. ಆಗ ಅಲ್ಲಿ ತೈಲದ ಸುದ್ದಿ ಅಷ್ಟಾಗಿ ಇರಲಿಲ್ಲ. ಸ್ಪಿಂಡಲ್‌ಟಾಪ್‌ನಲ್ಲಿ ದೊಡ್ಡ ಬಾವಿ ಚಿಮ್ಮಿದ್ದು 1901ರಲ್ಲಿ. ಅಷ್ಟರೊಳಗೆ ಕೆಳಗಿನ ಸಂಪತ್ತು ಖಾಸಗಿ ಕೈಗೆ ಹೋಗಿಯಾಗಿತ್ತು.

ಖಾಸಗಿಯದು ಅಂದಮೇಲೆ ಮಾರಬಹುದು, ಪಾಲು ಮಾಡಬಹುದು. ಅಪ್ಪ ಮೇಲಿನ ಹೊಲ ಒಬ್ಬ ಮಗನಿಗೆ, ಕೆಳಗಿನ ಖನಿಜ ಇನ್ನೊಬ್ಬನಿಗೆ ಬರೆದಿಡಬಹುದು. ಎರಡು ತಲೆಮಾರು ಕಳೆದರೆ ಮೇಲೆ ಉಳುವವನಿಗೂ ಕೆಳಗಿನ ಒಡೆಯನಿಗೂ ಮುಖಪರಿಚಯವೇ ಇರುವುದಿಲ್ಲ. ಸರ್ಕಾರವೂ ಹೀಗೇ ಮಾಡಿತು. 1916ರ ಕಾನೂನೊಂದರಲ್ಲಿ ದನ ಸಾಕುವವರಿಗೆ ತಲಾ 640 ಎಕರೆವರೆಗೆ ಜಮೀನು ಕೊಟ್ಟರು, ಖನಿಜ ಮಾತ್ರ ಸರ್ಕಾರದ್ದು ಅಂತ ಬರೆದಿಟ್ಟುಕೊಂಡರು. ನಮ್ಮ ಮಂಜೂರಿ ಜಮೀನಿನ ಷರತ್ತುಗಳು ನೆನಪಾಗುತ್ತವೆ, ಅಲ್ವಾ? ಹೀಗೆ ಮೇಲೆ ಖಾಸಗಿ, ಕೆಳಗೆ ಕೇಂದ್ರ ಸರ್ಕಾರ ಅನ್ನುವ ಜಮೀನು ಅಲ್ಲಿ ಇವತ್ತಿಗೂ 5 ಕೋಟಿ ಎಕರೆಗಿಂತ ಜಾಸ್ತಿ ಇದೆ.

ಇಬ್ಬರ ನಡುವೆ ಜಗಳ ಬಂದರೆ ಯಾರ ಮಾತು ನಡೆಯುತ್ತದೆ? ಕೆಳಗಿನವನದ್ದು. ಅಲ್ಲಿಯ ಕೋರ್ಟುಗಳ ತರ್ಕ ಸರಳ. ಖನಿಜ ಕೊಟ್ಟು ಅದನ್ನು ತಲುಪುವ ದಾರಿ ಕೊಡದಿದ್ದರೆ ಕೊಟ್ಟದ್ದಕ್ಕೆ ಅರ್ಥವಿಲ್ಲ. ಹಾಗಾಗಿ ಖನಿಜದ ಹಕ್ಕಿರುವವನು ಮೇಲಿನವನ ಒಪ್ಪಿಗೆ ಇಲ್ಲದೆಯೂ ಬರಬಹುದು. ರಸ್ತೆ ಮಾಡಬಹುದು, ರಿಗ್ ನಿಲ್ಲಿಸಬಹುದು, ಅಗತ್ಯಕ್ಕೆ ತಕ್ಕಷ್ಟು ಜಾಗ ಬಳಸಬಹುದು. ಮಿತಿಮೀರಿ ಹಾಳು ಮಾಡಬಾರದು, ಅಷ್ಟೇ ಕಟ್ಟುಪಾಡು. ರಾಯಲ್ಟಿ, ಅಂದರೆ ತೆಗೆದ ತೈಲದ ರಾಜಧನ, ಹಳೆಯ ರೂಢಿಯಲ್ಲಿ ಎಂಟರಲ್ಲಿ ಒಂದು ಪಾಲು, ಖನಿಜದ ಮಾಲೀಕನಿಗೆ ಹೋಗುತ್ತದೆ. ಮೇಲಿನವನಿಗೆ ಧೂಳು, ಲಾರಿ ಮತ್ತು ರಾತ್ರಿಯಿಡೀ ಸದ್ದು.

ಇಲ್ಲಿ ಜೋನ್ಸ್ ಅನ್ನುವ ರೈತನ ಕಥೆ ಹೇಳಲೇಬೇಕು. ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ 635 ಎಕರೆ ಹೊಲ. ಮೇಲಿನ ಹಕ್ಕು ಮಾತ್ರ ಅವನದು. ನೀರಿಗಾಗಿ ಸ್ಪ್ರಿಂಕ್ಲರ್ ಹಾಕಿಸಿದ್ದ. ನಮ್ಮ ತೋಟದ ಪುಟ್ಟ ಸ್ಪ್ರಿಂಕ್ಲರ್ ಅಲ್ಲ, ಚಕ್ರದ ಮೇಲೆ ಇಡೀ ಹೊಲ ಸುತ್ತುವ ಉದ್ದನೆಯ ಕೊಳವೆ. ದಾರಿಯಲ್ಲಿ 7 ಅಡಿವರೆಗಿನ ಅಡ್ಡಿ ಇದ್ದರೆ ಅದರ ಮೇಲೆ ದಾಟಿಕೊಂಡು ಹೋಗುತ್ತಿತ್ತು. ಆಮೇಲೆ ಗೆಟ್ಟಿ ಆಯಿಲ್ ಕಂಪನಿ ಬಂದು ಎರಡು ಪಂಪ್ ನಿಲ್ಲಿಸಿತು. ಒಂದು 17 ಅಡಿ, ಇನ್ನೊಂದು 34 ಅಡಿ ಎತ್ತರ. ಸ್ಪ್ರಿಂಕ್ಲರ್ ಅಲ್ಲೇ ನಿಂತಿತು.

ಕಂಪನಿ ಹೇಳಿದ್ದು ಇಷ್ಟು. ನಮ್ಮ ಹಕ್ಕು ದೊಡ್ಡದು, ಪಂಪ್ ಇಡಲು ಬೇಕಾದಷ್ಟು ನೆಲವನ್ನಷ್ಟೇ ಬಳಸಿದ್ದೇವೆ, ಮೇಲೆ ಎಷ್ಟು ಎತ್ತರ ಅನ್ನುವುದು ನಿನಗೆ ಸಂಬಂಧಿಸಿದ್ದಲ್ಲ. ಜೋನ್ಸ್ ಬೇರೆ ದಾರಿ ಹಿಡಿದ. ತೈಲದಲ್ಲಿ ಪಾಲು ಕೇಳಲಿಲ್ಲ. ಪಂಪ್ ಬೇಡ ಅನ್ನಲಿಲ್ಲ. ಇದೇ ಜಮೀನಿನಲ್ಲಿ ಇನ್ನೊಂದು ಕಂಪನಿ ಕಾಂಕ್ರೀಟ್ ಗುಂಡಿ ಮಾಡಿ ಪಂಪನ್ನು ಕೆಳಗೆ ಇಳಿಸಿದೆ, ಮತ್ತೊಂದು ಗಿಡ್ಡ ಪಂಪ್ ಬಳಸಿದೆ, ಇವರು ಯಾಕೆ ಹಾಗೆ ಮಾಡಬಾರದು ಅಂತ ಕೇಳಿದ. 1971ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ವಾದದಲ್ಲಿ ಹುರುಳಿದೆ ಅಂದಿತು. ಮೇಲಿನವನು ಮೊದಲಿಂದ ಒಂದು ರೀತಿ ಜಮೀನು ಬಳಸುತ್ತಿದ್ದರೆ, ಅದಕ್ಕೆ ಅಡ್ಡಿಯಾಗದೆ ತೈಲ ತೆಗೆಯುವ ವಿಧಾನ ಆ ಉದ್ಯಮದಲ್ಲಿ ರೂಢಿಯಲ್ಲಿದ್ದರೆ, ಕಂಪನಿ ಅದನ್ನು ಅನುಸರಿಸಬೇಕಾದೀತು ಅಂತ.

ಈ ತೀರ್ಪು ನನಗೆ ಇಷ್ಟ. ದೊಡ್ಡ ಮಾತಿಲ್ಲ, ಭೂಮಿತಾಯಿ ಅಂತ ಭಾಷಣ ಇಲ್ಲ. ಏಳು ಅಡಿ ಮತ್ತು ಹದಿನೇಳು ಅಡಿ, ಅಷ್ಟೇ ಲೆಕ್ಕ. ಅದನ್ನೇ ಬ್ರಹ್ಮಾಸ್ತ್ರ ಅಂತ ತಿಳಿಯುವುದೂ ಬೇಡ. 2013ರಲ್ಲಿ ಮೆರ‍್ರಿಮನ್ ಅನ್ನುವ ದನ ಸಾಕುವವನು ಇದೇ ವಾದ ಹಿಡಿದು ಅದೇ ಕೋರ್ಟಿಗೆ ಹೋಗಿ ಸೋತ. ತನ್ನ ಕೆಲಸವನ್ನು ಬೇರೆ ರೀತಿ ಮಾಡಿಕೊಳ್ಳಲು ಸಾಧ್ಯವೇ ಇಲ್ಲ ಅಂತ ತೋರಿಸುವ ಹೊರೆ ನಿನ್ನದೇ ಅಂದರು.

ಕೋರ್ಟಿನ ದಾರಿ ಇಷ್ಟು ಕಷ್ಟ, ಹಾಗಾಗಿ ಕೆಲವು ರಾಜ್ಯಗಳು ಅದಕ್ಕೂ ಮೊದಲೇ ಕಾನೂನು ಮಾಡಿದ್ದವು. ನಾರ್ತ್ ಡಕೋಟಾ 1979ರಲ್ಲಿ, ವಯೋಮಿಂಗ್ 2005ರಲ್ಲಿ. ಒಳಗೆ ಕಾಲಿಡುವ ಮೊದಲು ನೋಟಿಸ್ ಕೊಡು, ಮೇಲಿನವನಿಗೆ ಆದ ನಷ್ಟ ಕಟ್ಟಿಕೊಡು ಅಂತ. ಇದರ ಜೊತೆ ಮೇಲ್ಮೈ ಬಳಕೆಯ ಕರಾರು ಅಂತ ಒಂದು ರೂಢಿ ಬೆಳೆದಿದೆ. ರಸ್ತೆ ಎಲ್ಲಿ, ಗೇಟ್ ಯಾರು ಹಾಕಬೇಕು, ಮೇಲ್ಮಣ್ಣು ಎಲ್ಲಿ ಗುಡ್ಡೆ ಹಾಕಬೇಕು, ಉಪ್ಪುನೀರು ಎಲ್ಲಿಗೆ ಹೋಗಬೇಕು, ಎಲ್ಲ ಅದರಲ್ಲಿರುತ್ತದೆ. ತೈಲದ ಜೊತೆ ಬರುವ ನೀರು ಭಾರೀ ಉಪ್ಪು. ಒಮ್ಮೆ ಹೊಲಕ್ಕೆ ಚೆಲ್ಲಿದರೆ ಅಲ್ಲಿ ವರ್ಷಗಟ್ಟಲೆ ಹುಲ್ಲೂ ಹುಟ್ಟುವುದಿಲ್ಲ. ಬಾವಿ ಮುಚ್ಚುವ ಖರ್ಚಿಗೆ ಮುಂಗಡ ಠೇವಣಿ ಇಡಬೇಕು ಅನ್ನುವ ನಿಯಮವೂ ಇದೆ, ಆದರೆ ಆ ಠೇವಣಿ ಸಾಲುತ್ತಿಲ್ಲ. ಕಂಪನಿ ದಿವಾಳಿಯಾಗಿ, ಕೇಳುವವರಿಲ್ಲದೆ ಬಿಟ್ಟುಹೋದ ಬಾವಿಗಳನ್ನು ಮುಚ್ಚಲು 2021ರಲ್ಲಿ ಅಮೆರಿಕ ಸರ್ಕಾರವೇ 470 ಕೋಟಿ ಡಾಲರ್ ಎತ್ತಿಡಬೇಕಾಯಿತು.

ಇನ್ನು ಇಂಗ್ಲೆಂಡ್. ಅಲ್ಲಿ 1934ರ ಕಾನೂನಿನಿಂದ ತೈಲವೆಲ್ಲ ರಾಣಿ-ರಾಜರ ಹೆಸರಿಗೆ, ಅಂದರೆ ಸರ್ಕಾರಕ್ಕೆ ಸೇರಿತು. ಸ್ವಲ್ಪ ಹೆಚ್ಚುಕಡಿಮೆ ನಮ್ಮ ಹಾಗೇ. ಲಂಡನ್ನಿನ ಹ್ಯಾರಡ್ಸ್ ಅಂಗಡಿಯ ಒಡೆಯರಾಗಿದ್ದ ಮೊಹಮದ್ ಅಲ್ ಫಯೇದ್ ಅವರಿಗೆ ಸರ‍್ರೆಯ ಆಕ್ಸ್‌ಟೆಡ್‌ನಲ್ಲಿ ಎಸ್ಟೇಟ್ ಇತ್ತು. ಪಕ್ಕದ ಜಾಗದಿಂದ ಕಂಪನಿಯೊಂದು ಓರೆಯಾಗಿ ಕೊರೆದು, ಇವರ ಎಸ್ಟೇಟಿನಡಿ 800 ಅಡಿಯಿಂದ 2,800 ಅಡಿ ಆಳದಲ್ಲಿ ಮೂರು ಬಾವಿ ಹಾಯಿಸಿತ್ತು. ಮೇಲೆ ಒಂದು ಹುಲ್ಲುಕಡ್ಡಿಯೂ ಅಲುಗಿರಲಿಲ್ಲ. ವರ್ಷಗಳ ನಂತರ ಗೊತ್ತಾಗಿ ಕೇಸ್ ಹಾಕಿದರು.

2010ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ತೈಲ ಸರ್ಕಾರದ್ದಾದರೂ ಅದರ ಸುತ್ತಲಿನ ಕಲ್ಲು ಜಮೀನುದಾರನದ್ದೇ. ಒಪ್ಪಿಗೆ ಇಲ್ಲದೆ ಅದನ್ನು ಕೊರೆದದ್ದು ಅತಿಕ್ರಮಣವೇ. ಇಲ್ಲಿಯವರೆಗೆ ಫಯೇದ್ ಗೆದ್ದರು. ಪರಿಹಾರ ಎಷ್ಟು ಅನ್ನುವಾಗ ಕಥೆ ತಿರುಗಿತು. ಕೆಳಗಿನ ಕೋರ್ಟ್ ತೈಲದ ಆದಾಯದ ಶೇ. 9 ಕೊಡಿ ಅಂದಿತ್ತು, ಅದು 6 ಲಕ್ಷ ಪೌಂಡ್ ದಾಟುತ್ತಿತ್ತು. ಸುಪ್ರೀಂ ಕೋರ್ಟ್ ಮೂರಕ್ಕೆ ಎರಡರ ಬಹುಮತದಲ್ಲಿ 1,000 ಪೌಂಡ್ ಸಾಕು ಅಂದಿತು. ಯಾಕೆಂದರೆ ಪರಿಹಾರ ಅಳೆಯುವುದು ಕಳೆದುಕೊಂಡವನ ನಷ್ಟದಿಂದ, ತೆಗೆದುಕೊಂಡವನ ಲಾಭದಿಂದ ಅಲ್ಲ. ಫಯೇದ್ ಅವರಿಗೆ ಆ ಆಳದ ಕಲ್ಲಿನಿಂದ ಏನು ಉಪಯೋಗ ಇತ್ತು? ಏನೂ ಇಲ್ಲ. 2015ರಲ್ಲಿ ಇನ್ನೊಂದು ಕಾನೂನು ಬಂದು, 300 ಮೀಟರ್‌ಗಿಂತ ಕೆಳಗೆ ತೈಲಕ್ಕಾಗಿ ಕೊರೆಯಲು ಜಮೀನುದಾರನನ್ನು ಕೇಳುವುದೇ ಬೇಡ ಅಂತಾಯಿತು.

ನಷ್ಟದಿಂದ ಅಳೆಯುವುದು, ಲಾಭದಿಂದ ಅಲ್ಲ. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ನಮ್ಮ ಊರಿಗೆ ಬನ್ನಿ.

ನಮ್ಮ ಜಿಲ್ಲೆಯ ಜಮೀನಿನ ಇತಿಹಾಸ ಸ್ವಲ್ಪ ವಿಚಿತ್ರ. 1862ರಲ್ಲಿ ಆಗಿನ ಕೆನರಾ ಜಿಲ್ಲೆಯನ್ನು ಒಡೆದು ಉತ್ತರದ ಭಾಗವನ್ನು ಬಾಂಬೆ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಭಟ್ಕಳದವರಿಗೂ ಬೈಂದೂರಿನವರಿಗೂ ಒಂದೇ ಮಳೆ, ಒಂದೇ ಬೆಳೆ, ಕಂದಾಯದ ಕಾನೂನು ಮಾತ್ರ ಆಗ ಬೇರೆಯಾಗಿತ್ತು. ಜಮೀನಿನ ಮಾಲೀಕ ರೈತನೋ ಸರ್ಕಾರವೋ ಅನ್ನುವ ಜಗಳ ನಮ್ಮಲ್ಲಿ ಬಹಳ ಹಳೆಯದು. 1875ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟ ವ್ಯಾಕುಂಠ ಬಾಪೂಜಿ ಮೊಕದ್ದಮೆಗೆ ಕೆನರಾ ಕೇಸ್ ಅಂತಲೇ ಹೆಸರು. ವಕೀಲರು ಇವತ್ತಿಗೂ ಅದನ್ನು ತೆಗೆದು ಓದುತ್ತಾರೆ.

ಮೇಲಿನ ಮಣ್ಣಿನ ಬಗ್ಗೆ ಅಷ್ಟು ಜಗಳ ಆಯಿತು, ಕೆಳಗಿನದ್ದು ಮಾತ್ರ ಸದ್ದಿಲ್ಲದೆ ಹೋಯಿತು. 1879ರ ಬಾಂಬೆ ಕಂದಾಯ ಕಾನೂನಿನಲ್ಲಿ, ಇನಾಂ ಇತ್ಯಾದಿಯಾಗಿ ಬಿಟ್ಟುಕೊಡದ ಎಲ್ಲ ಜಮೀನಿನ ಗಣಿ ಮತ್ತು ಖನಿಜ ಸರ್ಕಾರದ್ದು ಅಂತ ಬರೆದುಕೊಂಡರು. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 70ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಖನಿಜದ ಹಕ್ಕು ಪೂರ್ತಿಯಾಗಿ ರಾಜ್ಯ ಸರ್ಕಾರದ್ದು, ಅದನ್ನು ತೆಗೆಯಲು ಜಮೀನಿಗೆ ಬರುವ ದಾರಿಯೂ ಆ ಹಕ್ಕಿನೊಳಗೇ ಸೇರಿದೆ. ಆದರೆ ಅದೇ ಸೆಕ್ಷನ್ನಿನಲ್ಲಿ, ಮೇಲ್ಮೈಗೆ ತೊಂದರೆಯಾದರೆ ಪರಿಹಾರ ಕೊಡಬೇಕು ಅಂತಲೂ ಇದೆ. ಅರ್ಧ ಓದಿ ಬಿಡಬೇಡಿ.

ಕುಮಟಾ, ಹೊನ್ನಾವರದಿಂದ ಬಂದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಸ್ವಂತ ಬೇಣದಲ್ಲಿ ಚಿರೇಕಲ್ಲು ಕಡಿಸಿ ಮಾರಬೇಕಾದರೂ ಪರ್ಮಿಟ್ ಬೇಕು, ರಾಜಧನ ಕಟ್ಟಬೇಕು. "ನಮ್ಮ ಕಲ್ಲಿಗೆ ನಾವೇ ಯಾಕೆ ದುಡ್ಡು ಕಟ್ಟಬೇಕು?" ಅಂತ ಕೇಳುತ್ತಾರೆ. ಕಾನೂನಿನ ಕಣ್ಣಿಗೆ ಆ ಕಲ್ಲು ನಿಮ್ಮದಲ್ಲ, ಅದಕ್ಕೆ.

ಇಲ್ಲಿ ಯಾರಾದರೂ 2013ರ ತೀರ್ಪು ಎತ್ತುತ್ತಾರೆ ಅಂತ ಗೊತ್ತು, ನಾನೇ ಎತ್ತುತ್ತೇನೆ. ಕೇರಳದ ತ್ರೇಸ್ಯಾಮ್ಮ ಜೇಕಬ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕೆಳಗಿನ ಖನಿಜ ಸಾಮಾನ್ಯವಾಗಿ ಜಮೀನಿನ ಮಾಲೀಕನ ಜೊತೆಗೇ ಹೋಗುತ್ತದೆ, ಎಲ್ಲ ಖನಿಜವೂ ತಾನಾಗಿ ಸರ್ಕಾರದ್ದು ಅನ್ನುವ ಕಾನೂನು ಎಲ್ಲೂ ಇಲ್ಲ ಅಂದಿತು. ಆಗ ಪೇಪರಿನಲ್ಲಿ ‘ಭೂಮಿಯಡಿಯ ಸಂಪತ್ತೂ ರೈತನದ್ದೇ’ ಅನ್ನುವ ಧಾಟಿಯ ಸುದ್ದಿ ಬಂತು, ವಾಟ್ಸಾಪ್‌ನಲ್ಲಿ ಇವತ್ತಿಗೂ ಓಡಾಡುತ್ತಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಕಾನೂನಿನ ಮೂಲಕ ಆ ಹಕ್ಕನ್ನು ತೆಗೆದುಕೊಂಡಿದ್ದರೆ ಬೇರೆ ಮಾತು ಅಂತ. ಆ ಕೇಸು ಮಲಬಾರಿನ ಜನ್ಮಿ ಜಮೀನುಗಳದ್ದು, ಅಂದರೆ ಹಿಂದಿನಿಂದ ಪೂರ್ತಿ ಒಡೆತನ ಇದ್ದವರದ್ದು. ನಮ್ಮಲ್ಲಿ 70ನೇ ಸೆಕ್ಷನ್ ಕೂತಿದೆ. ಹಾಗಾಗಿ ಆ ತೀರ್ಪು ಹಿಡಿದುಕೊಂಡು ತಹಶೀಲ್ದಾರರ ಕಚೇರಿಗೆ ಹೋಗಬೇಡಿ.

ತೈಲದ ವಿಷಯದಲ್ಲಂತೂ ಬಾಗಿಲು ಇನ್ನೂ ಗಟ್ಟಿ. ತೈಲಕ್ಷೇತ್ರಗಳ ನಿಯಂತ್ರಣ ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿದೆ. 1948ರ ತೈಲಕ್ಷೇತ್ರ ಕಾಯ್ದೆ, ಅದರಡಿಯ ನಿಯಮಗಳು, 2025ರ ತಿದ್ದುಪಡಿ, ಎಲ್ಲ ಕಂಪನಿ ಮತ್ತು ಸರ್ಕಾರದ ನಡುವಿನ ಮಾತು. ನೆಲದ ಮೇಲೆ ತೆಗೆದ ತೈಲದ ರಾಜಧನ ರಾಜ್ಯಕ್ಕೆ ಹೋಗುತ್ತದೆ. ಬಾಡಮೇರ್‌ನ ಮಂಗಳಾ ಕ್ಷೇತ್ರದಲ್ಲಿ 2009ರಿಂದ ತೈಲ ಬರುತ್ತಿದೆ, ಅದರ ರಾಜಧನ ಜೈಪುರದ ಖಜಾನೆಗೆ. ಯಾವ ರೈತನ ಹೊಲದಲ್ಲಿ ಬಾವಿ ಇದೆಯೋ ಅವನಿಗೆ ಸಿಗುವುದು ಹೊಲದ ಬೆಲೆ ಮಾತ್ರ.

ಕಬ್ಬಿಣ, ಕಲ್ಲಿದ್ದಲಿನ ಊರುಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದು ನಿಧಿಯಾದರೂ ಇದೆ. ಗಣಿಯಿಂದ ಬಾಧಿತರಾದವರಿಗಾಗಿ ಅಲ್ಲಿ ಹಣ ಸೇರುತ್ತದೆ. ಬಳ್ಳಾರಿಯವರಿಗೆ ಅದು ಚೆನ್ನಾಗಿ ಗೊತ್ತು. ಅದು ಹುಟ್ಟಿದ್ದು ಗಣಿ ಕಾಯ್ದೆಯಡಿ, ಆ ಕಾಯ್ದೆ ಖನಿಜ ತೈಲವನ್ನು ಹೊರಗಿಟ್ಟಿದೆ. ಹಾಗಾಗಿ ತೈಲದ ಊರಿಗೆ ಆ ನಿಧಿಯೂ ಇಲ್ಲ. ಇದನ್ನು ಯಾರೂ ದೊಡ್ಡದಾಗಿ ಕೇಳುತ್ತಿಲ್ಲ ಅನ್ನುವುದು ನನಗೆ ಆಶ್ಚರ್ಯ.

ಹೊಲದ ಬೆಲೆ ಹೇಗೆ ಕಟ್ಟುತ್ತಾರೆ? ಗುಜರಾತಿನ ಮೆಹಸಾಣಾ ಕಡೆ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಗೆ ಹೋದ ಜಮೀನಿನ ಕೇಸೊಂದು 2008ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಹಳೆಯ ದರ ಗೊತ್ತಿದ್ದಾಗ ವರ್ಷಕ್ಕೆ ಎಷ್ಟು ಏರಿಸಿ ಇವತ್ತಿನ ದರ ಲೆಕ್ಕ ಹಾಕಬೇಕು ಅನ್ನುವುದು ಪ್ರಶ್ನೆ. ಪೇಟೆಯಲ್ಲಾದರೆ ವರ್ಷಕ್ಕೆ ಶೇ. 10ರಿಂದ 15, ಹಳ್ಳಿಯಲ್ಲಿ ಅದರ ಅರ್ಧ, ಅಂದರೆ 5ರಿಂದ 7.5 ಅಂತ ಕೋರ್ಟ್ ಒಂದು ಅಂದಾಜು ಹೇಳಿತು. ಬೇರೆ ಸಾಕ್ಷ್ಯ ಇದ್ದರೆ ಅದು ಬೇರೆ. ತೈಲದ ಜಮೀನಿನಲ್ಲಿ ಹುಟ್ಟಿದ ಈ ಲೆಕ್ಕವನ್ನು ಈಗ ರಸ್ತೆ, ಅಣೆಕಟ್ಟು, ಎಲ್ಲದರ ಕೇಸಿನಲ್ಲೂ ಎತ್ತುತ್ತಾರೆ. ಆ ಲೆಕ್ಕದಲ್ಲಿ ಕೆಳಗಿನ ತೈಲಕ್ಕೆ ಜಾಗ ಇಲ್ಲ, ಗಮನಿಸಿ. ಫಯೇದ್ ಅವರಿಗೆ ಹೇಳಿದ ಮಾತೇ ಇದು, ಭಾಷೆ ಬೇರೆ.

ಈಗ ನಮಗೆ ನಿಜವಾಗಿ ತಗಲುವ ವಿಷಯಕ್ಕೆ ಬರುತ್ತೇನೆ. ತೈಲಬಾವಿ ನಮ್ಮಲ್ಲಿಗೆ ಬರುವುದಿಲ್ಲ, ಕೊಳವೆ ಬರಬಹುದು. ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಕೊಳವೆ ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಹಾದಿದೆ. ಕೊಚ್ಚಿಯಿಂದ ಮಂಗಳೂರಿನ ಕೊಳವೆ 2021ರಲ್ಲಿ ಉದ್ಘಾಟನೆ ಆಯಿತು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು, ನೆಲದಡಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ಗುಹೆಗಳನ್ನೇ ಮಾಡಿದ್ದಾರೆ. ನಮ್ಮ ಕರಾವಳಿಯ ಕಲ್ಲಿನಲ್ಲಿ ತೈಲ ಹುಟ್ಟುವುದಿಲ್ಲ, ಆದರೆ ಹೊರಗಿನಿಂದ ತಂದು ತುಂಬಿದರೆ ಸೋರದೆ ನಿಲ್ಲುತ್ತದೆ!

ಕೊಳವೆಗೆ 1962ರ ಪೆಟ್ರೋಲಿಯಂ ಕೊಳವೆ ಕಾಯ್ದೆ ಇದೆ. ಅದರಲ್ಲಿ ನಿಮ್ಮ ಜಮೀನು ತೆಗೆದುಕೊಳ್ಳುವುದಿಲ್ಲ, ಜಮೀನಿನ ಬಳಕೆಯ ಹಕ್ಕು ಮಾತ್ರ ತೆಗೆದುಕೊಳ್ಳುತ್ತಾರೆ. ಪಹಣಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಕೆಳಗೆ ಕೊಳವೆ ಹೋಗುತ್ತದೆ, ಕನಿಷ್ಠ ಒಂದು ಮೀಟರ್ ಆಳದಲ್ಲಿ. ಅದಕ್ಕೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10 ಕೊಡುತ್ತಾರೆ. ಕಡಿದ ಮರ, ಹಾಳಾದ ಬೆಳೆಗೆ ಬೇರೆ ಪರಿಹಾರ. ಆಮೇಲೆ ಆ ಪಟ್ಟಿಯಲ್ಲಿ ಮೂರು ಕೆಲಸ ಮಾಡುವಂತಿಲ್ಲ. ಕಟ್ಟಡ ಕಟ್ಟಬಾರದು. ಬಾವಿ, ಕೆರೆ ತೋಡಬಾರದು. ಮರ ನೆಡಬಾರದು.

ಈ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಬಯಲುಸೀಮೆಯ ಹೊಲ ಅಂತ ನನ್ನ ಅನುಮಾನ. ಅಲ್ಲಿ ಕೊಳವೆ ಹೂತು ಮಣ್ಣು ಮುಚ್ಚಿದರೆ ಮುಂದಿನ ಮಳೆಗೆ ಜೋಳ ಬಿತ್ತಬಹುದು. ಗದ್ದೆಯಾದರೂ ಸರಿ, ಮತ್ತೆ ನಾಟಿ ಮಾಡಬಹುದು. ಅವರಿಗೆ ಶೇ. 10 ಒಂದು ಲೆಕ್ಕಕ್ಕೆ ಸರಿಹೋಗಬಹುದು. ತೋಟದ ಮಾತೇ ಬೇರೆ. ನಮ್ಮದು ಮರದ ಬೆಳೆ. ಮರ ನೆಡಬಾರದು ಅಂದರೆ ಆ ಪಟ್ಟಿ ತೋಟವಾಗಿ ಸತ್ತ ಹಾಗೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಬಂದ ಮೇಲೆ ದಶಕಗಟ್ಟಲೆ ಕೊಡುತ್ತದೆ. ಕಡಿದ ಮರಕ್ಕೆ ದುಡ್ಡು ಸಿಕ್ಕಿತು ಅನ್ನಿ, ಮುಂದೆ ಎಂದೂ ನೆಡಲಾಗದ ಮರಕ್ಕೆ? ತೋಟದ ಅಘಳು, ನೀರಿನ ದಾರಿ ಕೊಳವೆಯ ಗುಂಟ ತುಂಡಾದರೆ ಅದರಾಚೆಯ ಸಾಲುಗಳ ಗತಿ? ಹೆಸರಿಗೆ ಬಳಕೆಯ ಹಕ್ಕು, ಪರಿಣಾಮದಲ್ಲಿ ಜಮೀನೇ ಹೋದಂತೆ. ಜೋನ್ಸ್‌ನ ಹಾಗೆ ಅಡಿ, ಅಂಗುಲದ ಲೆಕ್ಕ ಹಿಡಿದು ವಾದ ಮಾಡಬೇಕಾದದ್ದು ಇಲ್ಲಿ. ತಮಿಳುನಾಡಿನಲ್ಲಿ ಏಳು ಜಿಲ್ಲೆಗಳ ರೈತರು, ಹೊಲದ ಬದಲು ಹೆದ್ದಾರಿ ಪಕ್ಕ ಕೊಳವೆ ಹಾಕಿ ಅಂತ ಹೋರಾಡಿದರು, ರಾಜ್ಯ ಸರ್ಕಾರವೂ ಅವರ ಜೊತೆ ನಿಂತಿತು. 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಪೂರ್ತಿ ತಡೆಯುವ ವಾದ ನಿಲ್ಲುವುದು ಕಷ್ಟ. ಎಲ್ಲಿ, ಹೇಗೆ, ಎಷ್ಟಕ್ಕೆ ಅನ್ನುವ ವಾದಕ್ಕೆ ಜಾಗ ಇದೆ.

(ಇಲ್ಲಿ ಸಭೆಯಲ್ಲಿದ್ದವರೊಬ್ಬರು, "ವಕೀಲರೇ, ತೋಟದ ಮಾತಾಯಿತು, ಬೆಟ್ಟದ ಕಥೆ ಏನು?" ಅಂತ ಕೇಳಿದರು.)

ಒಳ್ಳೆ ಪ್ರಶ್ನೆ. ಇಡೀ ಟೆಕ್ಸಾಸ್ ಕಾನೂನಿಗೆ ಹತ್ತಿರದ ನೆಂಟ ನಮ್ಮ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟಿದ್ದಾರೆ. ಸೊಪ್ಪು ನಿಮ್ಮದು, ದರಕು ನಿಮ್ಮದು, ಹುಲ್ಲು ನಿಮ್ಮದು. ನೆಲ ನಿಮ್ಮದಲ್ಲ. ಒಂದೇ ಜಾಗದ ಮೇಲೆ ಇಬ್ಬರ ಹಕ್ಕು ಇರಬಹುದು ಅನ್ನುವುದು ಅಮೆರಿಕದವರಿಂದ ಕಲಿಯಬೇಕಾದ ವಿಷಯ ಅಲ್ಲ, ನಮ್ಮ ಅಜ್ಜಂದಿರಿಗೇ ಗೊತ್ತಿತ್ತು. ಬೆಟ್ಟದಲ್ಲಿ ಯೋಜನೆ ಬಂದರೆ ಅದು ಅರಣ್ಯ ಜಮೀನಿನ ಲೆಕ್ಕಕ್ಕೆ ಹೋಗುತ್ತದೆ. 1980ರ ಅರಣ್ಯ ಕಾಯ್ದೆಯಡಿ ಅನುಮತಿ, ಕಾಡಿಗೆ ಬದಲು ಕಾಡು ಬೆಳೆಸಲು ಕಂಪನಿ ಕಟ್ಟುವ ಹಣ, ಎಲ್ಲ ಸರ್ಕಾರದ ನಿಧಿಗೆ. ನಿಮ್ಮ ತೋಟಕ್ಕೆ ಸೊಪ್ಪು ಕಡಿಮೆಯಾದದ್ದು ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಬೆಟ್ಟದ ದಾಖಲೆ, ನಕ್ಷೆ ಇರುವವರು ಜೋಪಾನ ಮಾಡಿ. ನಷ್ಟ ಕೇಳಬೇಕಾದರೆ ಹಕ್ಕು ಇತ್ತು ಅಂತ ಮೊದಲು ತೋರಿಸಬೇಕು.

ನಷ್ಟ ಬಾವಿಯ ಬೇಲಿಯೊಳಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಆಂಧ್ರದ ಪಾಸರ್ಲಪುಡಿಯಲ್ಲಿ 1995ರ ಜನವರಿಯಲ್ಲಿ ಬಾವಿಯೊಂದು ಸ್ಫೋಟಿಸಿ 65 ದಿನ ಉರಿಯಿತು. ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರ ಮೇ 27ಕ್ಕೆ ಗ್ಯಾಸ್ ಚಿಮ್ಮಲು ಶುರುವಾಯಿತು, ಜೂನ್ 9ಕ್ಕೆ ಬೆಂಕಿ ಹತ್ತಿತು, ಪೂರ್ತಿ ಹತೋಟಿಗೆ ಬಂದದ್ದು ನವೆಂಬರಿನಲ್ಲಿ. ಸುತ್ತಲಿನ ಹಳ್ಳಿಯವರು ಪರಿಹಾರ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಇದ್ದರು. ಅವರಲ್ಲಿ ಬಹುಪಾಲು ಜನ ಕಂಪನಿಗೆ ಒಂದು ಗುಂಟೆಯನ್ನೂ ಕೊಟ್ಟವರಲ್ಲ.

ಕಾರವಾರ, ಅಂಕೋಲಾ ಕಡೆಯಿಂದಲೂ ಕೆಲವರು ಬಂದಿದ್ದಾರೆ, ಅವರ ಸಲುವಾಗಿ ಸಮುದ್ರದ ಮಾತು. ಗೋವಾದ ಕೆಳಗಿನಿಂದ ಕೇರಳದ ತುದಿವರೆಗಿನ ಸಮುದ್ರದಡಿ ಕೇರಳ-ಕೊಂಕಣ ಜಲಾನಯನ ಅಂತ ಒಂದು ಪ್ರದೇಶ ಇದೆ. ಅಲ್ಲಿ ತೈಲ ಹುಡುಕಿದ್ದಾರೆ, ಲಾಭಕ್ಕೆ ಬರುವಷ್ಟು ಇನ್ನೂ ಸಿಕ್ಕಿಲ್ಲ. ಸಿಕ್ಕರೆ? ಸಂವಿಧಾನದ 297ನೇ ವಿಧಿಯಂತೆ ಸಮುದ್ರದಡಿಯ ಖನಿಜವೆಲ್ಲ ಕೇಂದ್ರದ್ದು. ರಾಜಧನವೂ ಕೇಂದ್ರಕ್ಕೇ, ಬೆಂಗಳೂರಿಗೆ ಕೂಡ ಪಾಲಿಲ್ಲ. ಸಮುದ್ರದಲ್ಲಿ ತೈಲದ ಕಟ್ಟೆ ನಿಂತರೆ ಸುತ್ತ 500 ಮೀಟರ್ ಸುರಕ್ಷತಾ ವಲಯ ಇರುತ್ತದೆ, ಅದರೊಳಗೆ ಬೋಟ್ ಹೋಗುವಂತಿಲ್ಲ. ಮೀನುಗಾರನ ಹತ್ತಿರ ಆ ನೀರಿನ ಪಹಣಿ ಇಲ್ಲ. ಅಜ್ಜನ ಕಾಲದಿಂದ ಅಲ್ಲೇ ಬಲೆ ಹಾಕಿದ್ದು ನಿಜ, ಆದರೆ ಕಾಗದ ಇಲ್ಲ. ನೆಲದವನಿಗೆ ಕೊನೇಪಕ್ಷ ಹೊಲದ ಬೆಲೆ ಸಿಗುತ್ತದೆ, ಇವನಿಗೆ ಬೆಲೆ ಕಟ್ಟಲು ವಸ್ತುವೇ ಇಲ್ಲ ಅನ್ನುತ್ತದೆ ಕಾನೂನು. ಇಡೀ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಅನ್ಯಾಯ ಅನಿಸುವುದು ಇದು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಮೀನು ಕೊಟ್ಟವರ ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದದ್ದನ್ನು ನೀವು ಕಂಡಿದ್ದೀರಿ. ಅಲ್ಲಿ ಜಮೀನಿದ್ದವರಿಗೆ ಕೇಸು ಹಾಕಲಿಕ್ಕಾದರೂ ಬಂತು.

ಪ್ರಶ್ನೆಗಳಿಗೆ ಬರೋಣ.

ಟೆಕ್ಸಾಸ್‌ನಲ್ಲಿ ಮಗನ ಮನೆಯ ಅಂಗಳಕ್ಕೆ ರಿಗ್ ಬರುತ್ತದಾ ಅಂತ ಹಿಂದಿನ ಸಾಲಿನ ಅಮ್ಮ ಕೇಳಿದರು. ಬಡಾವಣೆಯೊಳಗೆ ಹಾಗೆ ಆಗುವ ಸಾಧ್ಯತೆ ಕಡಿಮೆ ಅಮ್ಮಾ. ಈಗ ದೂರದಲ್ಲಿ ಒಂದು ಕಡೆ ಕೊರೆದು, ಅಲ್ಲಿಂದ ಅಡ್ಡಲಾಗಿ ಮೂರು ಕಿಲೋಮೀಟರ್ ಹೋಗುತ್ತಾರೆ. ಬಿಲ್ಡರ್ ಖನಿಜ ಇಟ್ಟುಕೊಂಡರೂ ಮೇಲ್ಮೈ ಬಳಸುವ ಹಕ್ಕು ಬಿಟ್ಟುಕೊಟ್ಟಿರುವುದು ಉಂಟು. ಆ ಸಾಲು ಪತ್ರದಲ್ಲಿ ಇದೆಯಾ ಅಂತ ಮಗನಿಗೆ ನೋಡಲು ಹೇಳಿ.

ಜಮೀನು ಕೊಳ್ಳುವಾಗ ಕೊಳವೆ ಇದೆಯಾ ಅಂತ ಹೇಗೆ ತಿಳಿಯುವುದು? ಪಹಣಿಯ 11ನೇ ಕಾಲಂ ನೋಡಿ, ಇತರೆ ಹಕ್ಕುಗಳು ಮತ್ತು ಋಣ ಇರುವ ಕಾಲಂ. ಅದು ಖಾಲಿ ಇದೆ ಅಂತ ಸುಮ್ನೆ ಕೂರಬೇಡಿ, ಜಾಗಕ್ಕೆ ಹೋಗಿ ಗುರುತಿನ ಕಂಬ ಇದೆಯಾ ಅಂತಲೂ ನೋಡಿ.

ಕೊನೆಯ ಪ್ರಶ್ನೆ, ಕೊಳವೆಯವರು ಬಂದು ಸಹಿ ಕೇಳಿದರೆ ಏನು ಮಾಡುವುದು? ಮೊದಲನೆಯದಾಗಿ, ಸರ್ವೆಗೆ ಬಂದವರ ಜೊತೆ ಜಗಳ ಬೇಡ, ಅವರು ಸಂಬಳದವರು. ಅಧಿಸೂಚನೆಯ ಪ್ರತಿ ಜನರಿಗೆ ಸಿಗುವಂತಾದ ದಿನದಿಂದ ಆಕ್ಷೇಪಣೆಗೆ 21 ದಿನ ಇದೆ. ಅದು ಬರಹದಲ್ಲಿ ಹೋಗಬೇಕು, ಸ್ವೀಕೃತಿ ಪಡೆಯಬೇಕು. ವಾಸದ ಮನೆ ಇರುವ ಜಾಗ, ಮನೆಗೆ ಹೊಂದಿಕೊಂಡ ಜಾಗದಡಿ ಕೊಳವೆ ಹಾಕಬಾರದು ಅಂತ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಮನೆ, ಅಂಗಳ, ಕೊಟ್ಟಿಗೆ, ತೋಟ ಒಂದಕ್ಕೊಂದು ಅಂಟಿಕೊಂಡೇ ಇರುತ್ತವಲ್ಲ, ಎಲ್ಲಿಯವರೆಗೆ ಮನೆಗೆ ಹೊಂದಿದ ಜಾಗ ಅನ್ನುವುದನ್ನು ನಕ್ಷೆಯಲ್ಲಿ ಗುರುತು ಮಾಡಿ ಕೊಡಿ. ಮರ ಎಣಿಸಿ, ಅಡಿಕೆ ಮಾತ್ರ ಅಲ್ಲ, ಕಾಳುಮೆಣಸಿನ ಬಳ್ಳಿ, ಏಲಕ್ಕಿ, ಬಾಳೆ, ಎಲ್ಲ. ಸೊಸೈಟಿಯಲ್ಲಿ ಅಡಿಕೆ ಹಾಕಿದ ಹಿಂದಿನ ವರ್ಷಗಳ ಪಟ್ಟಿ ತೆಗೆದಿಡಿ, ಇಳುವರಿಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಅಧಿಕಾರಿ ನಿಗದಿ ಮಾಡಿದ ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಕೆಲಸ ಮಳೆಗಾಲದಲ್ಲಿ ಮಾಡಬಾರದು ಅನ್ನುವ ಷರತ್ತನ್ನೂ ಬರಹದಲ್ಲಿ ಕೇಳಿ. ಜೂನ್ ತಿಂಗಳಲ್ಲಿ ಅಗೆದ ಕಾಲುವೆಯ ಮಣ್ಣು ಪಕ್ಕದವರ ತೋಟಕ್ಕೆ ಇಳಿದರೆ, ಕಂಪನಿ ಹೋದ ಮೇಲೆ ಕೇಸು ನಡೆಯುವುದು ನಿಮ್ಮಿಬ್ಬರ ನಡುವೆ.